ಇಪ್ಪತ್ತಾರು ಪ್ರಶ್ನೆ, ಒಂದು ಗೀಟು

ತಕ್ಕಡಿ ಎಂದರೆ ನಮ್ಮಲ್ಲಿ ಯಂತ್ರವಲ್ಲ, ಮನುಷ್ಯ. ವಿಮಾನ ಓಡಿಸುವವರೆಲ್ಲ ಆರು ತಿಂಗಳಿಗೊಮ್ಮೆ ಬಂದು, ತಮ್ಮ ಮೈ ನೆಟ್ಟಗಿದೆ, ಹಾರಬಹುದು ಎಂದು ಬರೆಸಿಕೊಂಡು ಹೋಗುವ ಒಂದು ಆಸ್ಪತ್ರೆಯಲ್ಲಿ ಅವನು ನೌಕರ. ಆಸ್ಪತ್ರೆ ಎಂದರೆ ದೊಡ್ಡ ಮಾತಾಯಿತು. ಟೈರ್ ಅಂಗಡಿಯ ಮಹಡಿಯ ಮೇಲೆ ನಾಲ್ಕು ಕೋಣೆ. ಮೊದಲನೆಯದರಲ್ಲಿ ತಕ್ಕಡಿ, ಎರಡನೆಯದರಲ್ಲಿ ಎಕ್ಸ್‌-ರೇ ಯಂತ್ರದ ಜೊತೆ ನಾನು, ಮೂರನೆಯದರಲ್ಲಿ ಡಾಕ್ಟರು, ನಾಲ್ಕನೆಯದರಲ್ಲಿ ಡಾಕ್ಟರ ನಿದ್ದೆ.

ರನ್‌ವೇ ಎಷ್ಟು ಹತ್ತಿರವೆಂದರೆ, ಬೆಳಿಗ್ಗೆ ಮೇಜಿನ ಈ ತುದಿಯಲ್ಲಿಟ್ಟ ಟೀ ಲೋಟ ಒಂದೊಂದು ವಿಮಾನ ಏರಿದಾಗಲೂ ಒಂದೊಂದು ಬೆರಳಷ್ಟು ಸರಿದು ಮಧ್ಯಾಹ್ನಕ್ಕೆ ಆ ತುದಿ ತಲುಪುತ್ತಿತ್ತು. ಡಾಕ್ಟರಿಗೆ ನಾವು ಟೀ ಕೊಟ್ಟದ್ದೇ ಇಲ್ಲ. ಲೋಟ ಇಟ್ಟು ಸುಮ್ಮನಾಗುತ್ತಿದ್ದೆವು, ಅದೇ ಹೋಗುತ್ತಿತ್ತು.

ಪೈಲಟ್ ಬಂದರೆ ತೂಗುವುದು, ಎತ್ತರ ಅಳೆಯುವುದು, ಗೋಡೆಯ ಮೇಲಿನ ಅಕ್ಷರ ಓದಿಸುವುದು, ರಕ್ತದೊತ್ತಡ ನೋಡುವುದು, ಅರ್ಜಿ ತುಂಬಿಸಿ ಸಹಿ ಹಾಕಿಸುವುದು, ಇವೆಲ್ಲ ತಕ್ಕಡಿಯ ಕೆಲಸ. ಅದರಲ್ಲಿ ತೂಗುವುದನ್ನು ಮಾತ್ರ ಅವನು ಕೆಲಸವೆಂದು ಒಪ್ಪುತ್ತಿರಲಿಲ್ಲ, ಯಾಕೆಂದರೆ ಮೆಟ್ಟಿಲು ಹತ್ತುವ ಸದ್ದು ಕೇಳಿಯೇ ಎಪ್ಪತ್ತೆಂಟೂವರೆ ಎಂದು ಬರೆದಿಟ್ಟಿರುತ್ತಿದ್ದ. ತೂಗಿದಾಗ ಎಪ್ಪತ್ತೆಂಟೂ ಮುಕ್ಕಾಲು ತೋರಿಸಿದರೆ, "ಜೇಬಲ್ಲಿರೋ ಕೀ ತೆಗೀರಿ ಸಾರ್" ಎನ್ನುತ್ತಿದ್ದ. ಒಮ್ಮೆ ತೂಕದ ಯಂತ್ರ ಕೆಟ್ಟು ಎರಡು ತಿಂಗಳು ರಿಪೇರಿಗೆ ಹೋಗಿತ್ತು. ಅದು ಹೋದದ್ದಾಗಲಿ ಬಂದದ್ದಾಗಲಿ ದಾಖಲೆ ನೋಡಿದ ಯಾವ ಅಧಿಕಾರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಅವನಿಗಿದ್ದವರು ಹೆಂಡತಿಯೊಬ್ಬರೇ. ನನಗೆ ಅತ್ತಿಗೆಯ ಲೆಕ್ಕ. ಊರಿನ ಅರ್ಧ ಶಾಲೆಗಳ ಮಕ್ಕಳ ಸಮವಸ್ತ್ರ ಅವರ ಹೊಲಿಗೆ ಯಂತ್ರದಿಂದಲೇ ಹೊರಡುತ್ತಿತ್ತು. ಆ ಮನೆಗೆ ಹೋದವರು ಮೊದಲು ನೀಲಿ ಚಡ್ಡಿಗಳ ಗುಡ್ಡ ಸರಿಸಿ, ಆಮೇಲೆ ಕುರ್ಚಿ ಹುಡುಕಬೇಕು. ಮಕ್ಕಳಿಲ್ಲದ ಮನೆಯಲ್ಲಿ ಸಾವಿರ ಮಕ್ಕಳ ಚಡ್ಡಿ.

ನಾನು ಹೇಳುವ ಸಂಗತಿ ನಡೆಯುವುದಕ್ಕೆ ಹನ್ನೊಂದು ವರ್ಷ ಮೊದಲು ಮೇಲಿನ ಕಚೇರಿಯಿಂದ ಹೊಸ ಅರ್ಜಿ ಬಂತು. ಅದರಲ್ಲಿ ಇಪ್ಪತ್ತಾರು ಪ್ರಶ್ನೆ, ಎದುರಿಗೆ ಹೌದು, ಇಲ್ಲ ಎಂದು ಎರಡು ಕಾಲಂ. ಎಂದಾದರೂ ತಲೆತಿರುಗಿ ಬಿದ್ದದ್ದುಂಟೆ, ಮೂರ್ಛೆ ಉಂಟೆ, ಕುಡಿತ ಉಂಟೆ, ಹೀಗೆ. ಹತ್ತೊಂಬತ್ತನೆಯದು ಎಲ್ಲಕ್ಕಿಂತ ಉದ್ದ: ಕಳೆದ ಒಂದು ವರ್ಷದಲ್ಲಿ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕು ಬೇಡವೆನಿಸುವುದು, ಇವುಗಳಲ್ಲಿ ಯಾವುದಾದರೂ ಉಂಟೆ, ಇದಕ್ಕಾಗಿ ಔಷಧಿ ತೆಗೆದುಕೊಂಡಿದ್ದೀರಾ.

ಮೊದಮೊದಲು ತಕ್ಕಡಿ ಒಂದೊಂದನ್ನೂ ಓದಿ ಕೇಳುತ್ತಿದ್ದ. ಪೈಲಟ್‌ಗಳು ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದರು. ಎನ್ನದೆ ಏನು ಮಾಡಿಯಾರು? ಒಂದು ಕಡೆ ಹೌದು ಎಂದರೆ ಮುಗಿಯಿತು, ಹಾರುವ ಪರವಾನಗಿ ಕಸಿದು, ಒಂದು ಸಮಿತಿಯಿಂದ ಇನ್ನೊಂದು ಸಮಿತಿಗೆ ತಿಂಗಳುಗಟ್ಟಲೆ ಅಲೆಸಿ, ಕೊನೆಗೆ ಎಲ್ಲೋ ಒಂದು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಹಾಗೆ ಬೆಂಚು ಹತ್ತಿದವರಲ್ಲಿ ಮತ್ತೆ ವಿಮಾನ ಹತ್ತಿದವರನ್ನು ನಾನಂತೂ ನೋಡಲಿಲ್ಲ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಹೊತ್ತಾಯಿತೆಂದು ಚಡಪಡಿಸುತ್ತಿದ್ದ ಪೈಲಟ್ ಒಬ್ಬ ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲು ಎತ್ತಿಕೊಂಡು 'ಇಲ್ಲ' ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದೇ ಗೀಟು ಎಳೆದು, "ತಗೊಳ್ಳಿ, ನನಗೇನೂ ಇಲ್ಲ" ಎಂದ. ತಕ್ಕಡಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಅದೇ ಪದ್ಧತಿ. ಆಮೇಲೆ ಪೈಲಟ್ ಬರುವ ತನಕ ಕಾಯುವುದೂ ಯಾಕೆಂದು, ಸೋಮವಾರ ಬೆಳಿಗ್ಗೆಯೇ ಇಡೀ ವಾರದ ಅರ್ಜಿಗಳಿಗೆ ಗೀಟು ಎಳೆದು ಜೋಡಿಸಿಡತೊಡಗಿದ. ಇಪ್ಪತ್ತಾರು ಕಾಯಿಲೆಗಳನ್ನು ಒಂದೇ ಏಟಿಗೆ ಮಲಗಿಸುತ್ತಿದ್ದ. ಜಗತ್ತಿನ ದೊಡ್ಡ ಡಾಕ್ಟರುಗಳೆಲ್ಲ ಸೇರಿದರೂ ಅಷ್ಟು ಕಾಯಿಲೆ ವಾಸಿ ಮಾಡಿರಲಾರರು.

ಬರುವವರಲ್ಲಿ ಒಬ್ಬನನ್ನು ನಾವು ಶಿಳ್ಳೆ ಕ್ಯಾಪ್ಟನ್ ಎನ್ನುತ್ತಿದ್ದೆವು. ಅಂಚೆ, ಪಾರ್ಸಲ್ ಹೊರುವ ವಿಮಾನ ಓಡಿಸುತ್ತಿದ್ದ. ವಯಸ್ಸು ನಲವತ್ತರ ಮೇಲೆ ಸ್ವಲ್ಪ. ಕೆಳಗೆ ಟೈರ್ ಅಂಗಡಿಯ ಹತ್ತಿರದಿಂದಲೇ ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದ. ಆ ಶಿಳ್ಳೆಗೆ ಡಾಕ್ಟರಿಗೂ ಎಚ್ಚರವಾಗುತ್ತಿತ್ತೆಂದರೆ ಅದರ ಶಕ್ತಿ ಎಷ್ಟೆಂದು ತಿಳಿದುಕೊಳ್ಳಿ.

ಒಮ್ಮೆ ಅವನು ಶಿಳ್ಳೆಯಿಲ್ಲದೆ ಬಂದ. ತೂಗಿದಾಗ ಆರು ಕೆ.ಜಿ. ಕಡಿಮೆ.

"ಏನ್ ಸಾರ್, ಆರು ಕೆ.ಜಿ. ಎಲ್ಲಿ ಬಿಟ್ಟು ಬಂದ್ರಿ?" ತಕ್ಕಡಿ ಕೇಳಿದ.

"ಮನೇಲಿ. ಹೆಂಡ್ತಿ ಹೋಗೋವಾಗ ತಗೊಂಡು ಹೋದ್ಲು ಅಂತ ಕಾಣುತ್ತೆ."

ತಕ್ಕಡಿ ಇದನ್ನೂ ತಮಾಷೆಯೆಂದೇ ತಿಳಿದು ನಕ್ಕ. ಎಲ್ಲ ಮುಗಿದು ಸಹಿಗೆ ಅರ್ಜಿ ಮುಂದಿಟ್ಟಾಗ ಕ್ಯಾಪ್ಟನ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಬಾಗಿಲು ತೆರೆದಿತ್ತು, ನನಗೆಲ್ಲ ಕೇಳುತ್ತಿತ್ತು.

"ಇದರಲ್ಲಿ ನಿದ್ದೆ ಬಗ್ಗೆ ಏನೋ ಕೇಳ್ತಾರಲ್ಲ. ಎಷ್ಟನೇದು ಅದು?"

"ಹತ್ತೊಂಬತ್ತು ಸಾರ್. ಯಾಕೆ, ನಿದ್ದೆ ಬರ್ತಿಲ್ವಾ? ನಮ್ಮ ಡಾಕ್ಟ್ರ ಹತ್ರ ಒಂದು ಕೆ.ಜಿ. ಸಾಲ ಇಸ್ಕೊಳ್ಳಿ, ಅವರ ಹತ್ರ ಗೋಡೌನಲ್ಲಿ ಇಡೋಷ್ಟಿದೆ."

ಕ್ಯಾಪ್ಟನ್ ನಕ್ಕ. ನಾನೂ ಈಚೆ ಕೋಣೆಯಲ್ಲಿ ನಕ್ಕೆ. ಅವನು ಸಹಿ ಹಾಕಿ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಯಾಗಿ ಸರಿಸಿ ಹೋದ.

ಅದಾದ ಎರಡೂವರೆ ತಿಂಗಳಿಗೆ, ಒಂದು ಬುಧವಾರ ಮಧ್ಯಾಹ್ನ ಟೈರ್ ಅಂಗಡಿಯವನು ಮೆಟ್ಟಿಲ ಬುಡದಲ್ಲಿ ನಿಂತು, "ನಿಮ್ಮ ಶಿಳ್ಳೆಯವರ ವಿಮಾನ ಬಿತ್ತಂತೆ, ಟೀವಿಲಿ ತೋರಿಸ್ತಿದ್ದಾರೆ" ಎಂದ. ಅಂದು ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡವಿಲ್ಲ, ಗಾಳಿಯಿಲ್ಲ, ಯಂತ್ರದಲ್ಲಿ ದೋಷವಿಲ್ಲ. ವಿಮಾನದಲ್ಲಿದ್ದವರು ಇಬ್ಬರು, ಅವನು ಮತ್ತು ಇಪ್ಪತ್ತೇಳು ವರ್ಷದ ಸಹಪೈಲಟ್. ಆಮೇಲೆ ಸಿಕ್ಕಿದ ಧ್ವನಿಮುದ್ರಿಕೆಯಿಂದ ಗೊತ್ತಾದದ್ದು ಇಷ್ಟು: ಸಹಪೈಲಟ್ ಹಿಂದೆ ಹೋದಾಗ ಕಾಕ್‌ಪಿಟ್ಟಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಅಲ್ಲಿಂದ ಗುಡ್ಡಕ್ಕೆ ಬಡಿಯುವವರೆಗೆ ಆರು ನಿಮಿಷ ಬಾಗಿಲು ತಟ್ಟುವ ಸದ್ದು. ಒಳಗಿನಿಂದ ಒಂದು ಮಾತೂ ಇಲ್ಲ.

ವಿಚಾರಣಾ ಸಮಿತಿಯವರು ಕ್ಯಾಪ್ಟನ್ನನ ಮನೆಯಲ್ಲಿ ಬೇರೆ ಊರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಗಳ ಚೀಟಿ ನೋಡಿದರು. ನಮ್ಮಲ್ಲಿ ಅವನ ಅರ್ಜಿ ನೋಡಿದರು. ಮೊದಲ ವರದಿಯಲ್ಲಿ ಬರೆದರು: ಹತ್ತೊಂಬತ್ತನೆಯ ಪ್ರಶ್ನೆಗೆ 'ಇಲ್ಲ' ಎಂದು ಸುಳ್ಳು ಉತ್ತರ ಕೊಟ್ಟು ತನ್ನ ಸ್ಥಿತಿಯನ್ನು ಮುಚ್ಚಿಟ್ಟಿದ್ದಾನೆ.

ತಕ್ಕಡಿ ಆ ಸಾಲನ್ನು ಪತ್ರಿಕೆಯಲ್ಲಿ ಓದಿದ. ಆ ವಾರ ಇಬ್ಬರ ತೂಕ ತಪ್ಪು ಹೇಳಿದ, ಒಬ್ಬನದನ್ನು ನಾಲ್ಕು ಕೆ.ಜಿ. ತಪ್ಪು ಹೇಳಿದ. ನನಗೆ ಗಾಬರಿಯಾದದ್ದು ಅದಕ್ಕೆ.

ವರದಿ ಬಂದ ಎರಡು ವಾರದ ಮೇಲೆ ಒಬ್ಬ ಮುದುಕರು ಬಂದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಚಿದ ಕಾಗದ. ಶಿಳ್ಳೆ ಕ್ಯಾಪ್ಟನ್ನನ ತಂದೆ. ಐವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು.

"ಕೂತ್ಕೊಳ್ಳಿ ಯಜಮಾನ್ರೇ" ಎಂದ ತಕ್ಕಡಿ.

"ಕೂರೋಕೆ ಬಂದಿಲ್ಲ ಸ್ವಾಮಿ, ಒಂದು ಕೇಳೋಕೆ ಬಂದೆ. ವರದಿ ಜೊತೆ ಈ ಹಾಳೆ ನಕಲು ಕೊಟ್ಟಿದ್ದಾರೆ. ಸಹಿ ನನ್ನ ಮಗಂದೇ. ಗೀಟು ಯಾರದು?"

"ಅರ್ಜಿ ಅವರವರೇ ತುಂಬೋದು. ನಿಯಮ ಇರೋದು ಹಾಗೆ."

"ನಿಯಮ ನಾನು ಕೇಳಲಿಲ್ಲ. ನನ್ನ ಮಗ ಹುಟ್ಟಿದಾಗಿಂದ ಒಂದು ಗೀಟು ನೆಟ್ಟಗೆ ಎಳೆದವನಲ್ಲ. ಸ್ಕೇಲ್ ಕೊಟ್ರೂ ಸೊಟ್ಟ. ವಿಮಾನ ಹೇಗೆ ನೆಟ್ಟಗೆ ಇಳಿಸ್ತಿದ್ನೋ ನಂಗಂತೂ ಅರ್ಥ ಆಗಿಲ್ಲ."

ಅವರು ಜೇಬಿನಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಕನ್ನಡಿ ತೆಗೆದು ಹಾಳೆಯ ಮೇಲೆ ಬಗ್ಗಿದರು.

"ಹದಿನಾಲ್ಕನೇ ಪ್ರಶ್ನೆ ಹತ್ರ ಗೀಟು ಒಂಚೂರು ಹೊರಗೆ ಜಿಗಿದಿದೆ ನೋಡಿ. ಸ್ಕೇಲಿನ ಅಂಚಲ್ಲಿ ಚಕ್ಕೆ ಎದ್ದಿದ್ರೆ ಹಾಗಾಗುತ್ತೆ." ತಲೆ ಎತ್ತದೆ ಕೈಚಾಚಿ ತಕ್ಕಡಿಯ ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು ಗೀಟಿನ ಪಕ್ಕಕ್ಕಿಟ್ಟರು. ಅದರ ಅಂಚಿನಲ್ಲಿ ಇರುವೆ ಕಚ್ಚಿದಷ್ಟು ಒಂದು ಹಳ್ಳ ಇತ್ತು. ಹಳ್ಳವೂ ಹದಿನಾಲ್ಕೂ ಪಕ್ಕಾ ಕೂತವು.

ತಕ್ಕಡಿ ಎದ್ದು ಬಾಗಿಲು ಹಾಕಲು ಹೋದವನು, ಹಾಕದೆ ಮತ್ತೆ ಬಂದು ಕೂತ.

"ಕೊಂದ ಅಂತಾರೆ" ಎಂದರು ಮುದುಕರು. "ಒಪ್ಪಿಕೊಂಡೆ. ಜೊತೆಲಿದ್ದ ಆ ಹುಡುಗನ ಮನೆಗೆ ಹೋಗಿದ್ದೆ, ಬಾಗಿಲು ತೆಗೀಲಿಲ್ಲ. ತೆಗೀದೇ ಇದ್ದದ್ದೇ ಸರಿ. ಆದರೆ ಇದು, ಸುಳ್ಳು ಹೇಳಿದ ಅಂತ ಬರ್ದಿದ್ದಾರಲ್ಲ, ಇದೊಂದು ನಂಗೆ ಒಪ್ಪೋಕೆ ಆಗ್ತಿಲ್ಲ. ಚಿಕ್ಕೋನಾಗಿದ್ದಾಗ ಗಡಿಯಾರ ಒಡೆದ್ರೆ ತಾನೇ ಬಂದು ಹೇಳ್ತಿದ್ದ. ಏಟು ಬೀಳುತ್ತೆ ಅಂತ ಗೊತ್ತಿದ್ದೂ ಹೇಳ್ತಿದ್ದ. ಅವನನ್ನ ಯಾರಾದ್ರೂ ಕೇಳಿದ್ರಾ? ಅಷ್ಟು ಹೇಳಿ ಸಾಕು."

"ಇಲ್ಲ" ಎಂದ ತಕ್ಕಡಿ. "ಕೇಳಲಿಲ್ಲ. ಗೀಟು ನಂದು. ಅವರು ಬರೋಕೆ ಮುಂಚೆನೇ ಎಳೆದಿಟ್ಟಿದ್ದೆ." ಆಮೇಲೆ, ಯಾರೂ ಕೇಳದಿದ್ದರೂ, ಉಳಿದದ್ದನ್ನೂ ಹೇಳಿಬಿಟ್ಟ. "ಅವರೇ ಕೇಳಿದ್ರು ಯಜಮಾನ್ರೇ. ನಿದ್ದೆ ಪ್ರಶ್ನೆ ಎಷ್ಟನೇದು ಅಂತ."

"ನೀವೇನಂದ್ರಿ?"

"ತಮಾಷೆ ಮಾಡಿದೆ."

"ಅವನು ನಕ್ಕನಾ?"

"ನಕ್ರು."

ಮುದುಕರು ಭೂತಕನ್ನಡಿಯನ್ನು ಅಂಗಿಯ ಚುಂಗಿಗೆ ಒರೆಸಿ ಒರೆಸಿ ಜೇಬಿಗೆ ಹಾಕಿಕೊಂಡರು. "ಬೇರೆಯವರಿಗೆ ಬೇಜಾರಾಗಬಾರದು ಅಂತ ನಗ್ತಿದ್ದ. ಮೊದಲಿಂದ್ಲೂ" ಎಂದರು. ಬಾಗಿಲ ಬಳಿ ನಿಂತು, "ಇದನ್ನ ಅವರ ಮುಂದೆ ಹೇಳ್ತೀರಾ? ಆ ಒಂದು ಸಾಲು ಹೊಡೆದು ಹಾಕ್ಲಿ. ಬೇರೇನೂ ಬೇಡ ನಂಗೆ" ಎಂದು, ಉತ್ತರಕ್ಕೆ ಕಾಯದೆ ಇಳಿದರು.

ಅಂದು ಸಂಜೆ ತಕ್ಕಡಿ ನನ್ನನ್ನೂ ಮನೆಗೆ ಕರೆದುಕೊಂಡು ಹೋದ. ಒಬ್ಬನೇ ಹೇಳಲು ಧೈರ್ಯವಿರಲಿಲ್ಲ. ಅತ್ತಿಗೆ ಯಂತ್ರ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. ಮುಗಿದ ಮೇಲೆ ನಿಲ್ಲಿಸಿದರು.

"ಹೇಳಿದ್ರೆ ಏನಾಗುತ್ತೆ?"

"ಕೆಲಸ ಹೋಗುತ್ತೆ. ಡಾಕ್ಟರದೂ ಹೋಗುತ್ತೆ."

"ಹೇಳದೇ ಇದ್ರೆ?"

ತಕ್ಕಡಿ ಒಂದು ಚಡ್ಡಿ ಎತ್ತಿ ಮಡಚತೊಡಗಿದ.

"ಹೇಳದೇ ಇದ್ರೆ ನೀವೇ ಹೋಗ್ತೀರಿ. ಎರಡು ವಾರದಿಂದ ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಿದ್ದೀರಿ, ಊಟ ಅಂದ್ರೆ ಬರೀ ಹಾಜರಿ ಹಾಕೋದು ಅನ್ನೋ ಹಾಗೆ. ಏನ್ ರೀ, ನಂಗೆ ಕಾಣಲ್ಲ ಅಂದ್ಕೊಂಡ್ರಾ?" ಹಲ್ಲಿನಿಂದ ದಾರ ಕಡಿದರು. "ಹೋಗಿ ಹೇಳಿ. ಮಕ್ಕಳು ಚಡ್ಡಿ ಹರ್ಕೊಳ್ಳೋದನ್ನ ನಿಲ್ಲಿಸಿಲ್ಲ, ನಾವು ಉಪವಾಸ ಬೀಳಲ್ಲ."

ಸಮಿತಿಯ ಅಧ್ಯಕ್ಷೆ ಹಿಂದೆ ತಾವೇ ವಿಮಾನ ಓಡಿಸಿದವರು. ಅವರ ಮುಂದೆ ಹಳೆಯ ಅರ್ಜಿಗಳ ಕಟ್ಟು, ಪಕ್ಕದಲ್ಲಿ ಇಬ್ಬರು ಸದಸ್ಯರು. ನಾನು ಸಾಕ್ಷಿಯಾಗಿ ಹಿಂದಿನ ಬೆಂಚಿನಲ್ಲಿದ್ದೆ. ತಕ್ಕಡಿ ನಿಂತುಕೊಂಡೇ ಎಲ್ಲ ಒಪ್ಪಿಸಿದ. ಅವರು ಒಂದಾದ ಮೇಲೊಂದು ಅರ್ಜಿ ತಿರುವಿಹಾಕಿದರು. ಎಲ್ಲದರಲ್ಲೂ ಅದೇ ಗೀಟು, ಹದಿನಾಲ್ಕರಲ್ಲಿ ಅದೇ ಜಿಗಿತ.

"ಇಪ್ಪತ್ತಾರನೇ ಪ್ರಶ್ನೆ ಓದಿ" ಎಂದರು.

ತಕ್ಕಡಿ ಕನ್ನಡಕ ಹಾಕಿಕೊಂಡು ಓದಿದ. "ಮೇಲಿನ ಎಲ್ಲ ಪ್ರಶ್ನೆಗಳನ್ನು ನೀವೇ ಓದಿ, ಅರ್ಥಮಾಡಿಕೊಂಡು ಉತ್ತರಿಸಿದ್ದೀರಾ?"

"ಉತ್ತರ?"

ಗೀಟು 'ಇಲ್ಲ' ಕಾಲಮ್ಮಿನ ಕೊನೆಯವರೆಗೂ ಇಳಿದಿತ್ತು.

ಅಂದರೆ ಹನ್ನೊಂದು ವರ್ಷದಿಂದ ಪ್ರತಿಯೊಬ್ಬ ಪೈಲಟ್ಟೂ, ನಾನು ಏನನ್ನೂ ಓದಿಲ್ಲ ಎಂದು ಕಾಗದದ ಮೇಲೆ ಒಪ್ಪಿಕೊಂಡು ಕೆಳಗೆ ಸಹಿ ಹಾಕಿದ್ದ. ಡಾಕ್ಟರು ಅದರ ಕೆಳಗೆ ಸಹಿ ಹಾಕಿದ್ದರು. ಮೇಲಿನ ಕಚೇರಿ ಅದರ ಮೇಲೆ ಮೊಹರು ಒತ್ತಿತ್ತು. ಮೊಹರು ಒತ್ತಿದವನ ಮೇಲಿನವನು ಕಟ್ಟು ಕಟ್ಟಿ ಬೀರುವಿನಲ್ಲಿಟ್ಟಿದ್ದ. ಬೀರುವಿಗೆ ಬಾಯಿ ಇದ್ದಿದ್ದರೆ ಅದೂ ಓದದೆ ನುಂಗುತ್ತಿತ್ತು.

"ಈ ಹಾಳೇಲಿ ನಿಜ ಅಂತ ಇರೋದು ಇದೊಂದೇ" ಎಂದರು ಅಧ್ಯಕ್ಷೆ. ಯಾರೂ ನಗಲಿಲ್ಲ.

ಆ ಸಾಲನ್ನು ಹೊಡೆದು ಹಾಕಿದರು. ಅದರ ಜಾಗದಲ್ಲಿ, ಪ್ರಶ್ನೆಯನ್ನು ಕೇಳಲಾಗಿಲ್ಲ ಎಂದು ಬರೆದರು. ಡಾಕ್ಟರು ರಾಜೀನಾಮೆ ಕೊಟ್ಟು ನಿದ್ದೆಯನ್ನು ಮನೆಗೆ ಸಾಗಿಸಿದರು. ತಕ್ಕಡಿಯನ್ನು ಕೆಲಸದಿಂದ ತೆಗೆಯುವ ಆದೇಶವೂ ಬಂತು, ಆದರೆ ಅದರಲ್ಲೊಂದು ಷರತ್ತು: ಪರವಾನಗಿ ಇರುವ ನಾನೂರ ಹನ್ನೆರಡು ಪೈಲಟ್‌ಗಳನ್ನೂ ಮತ್ತೆ ಕರೆಸಿ, ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ ಉತ್ತರ ಪಡೆದು, ಆ ಮೇಲೆ ಹೋಗತಕ್ಕದ್ದು. ಓದುವುದನ್ನು ನೋಡಲು ಒಬ್ಬ ಅಧಿಕಾರಿ ಪಕ್ಕದಲ್ಲಿ ಕೂತ.

ಆರು ವಾರ ಹಿಡಿಯಿತು. ನಾನೂರ ಹನ್ನೆರಡನ್ನು ಇಪ್ಪತ್ತಾರರಿಂದ ಗುಣಿಸಿ ನೋಡಿ. ಎರಡನೆಯ ವಾರಕ್ಕೆ ತಕ್ಕಡಿಯ ದನಿ ಬಿತ್ತು, ನಾಲ್ಕನೆಯ ವಾರಕ್ಕೆ ಪಕ್ಕದ ಅಧಿಕಾರಿಗೆ ನಿದ್ದೆಯಲ್ಲೂ ಮೂರ್ಛೆ ಉಂಟೆ, ಕುಡಿತ ಉಂಟೆ ಎಂದು ಕೇಳುವ ಚಟ ಅಂಟಿ, ಅವನ ಹೆಂಡತಿ ಬಂದು ಜಗಳವಾಡಿ ಹೋದಳು.

"ಏನ್ ತಕ್ಕಡಿ, ನಮ್ಮ ಮೇಲೆ ಯಾಕ್ ಸೇಡು ತೀರಿಸ್ಕೊಳ್ತಿದ್ದೀರಿ? ಗೀಟು ಎಳೆದು ಬಿಟ್ಟುಬಿಡಿ" ಎಂದು ಪೈಲಟ್‌ಗಳು ಗೊಣಗಿದರು. ತಕ್ಕಡಿ ತಲೆ ಎತ್ತದೆ ಓದಿದ. ಹತ್ತೊಂಬತ್ತನೆಯದನ್ನು ಎಲ್ಲಕ್ಕಿಂತ ನಿಧಾನವಾಗಿ ಓದಿದ, ಓದಿ ಕಾದ. ಒಬ್ಬ ಪೈಲಟ್ ಆ ಪ್ರಶ್ನೆ ಬಂದಾಗ ಬಗ್ಗಿ, ಸರಿಯಾಗಿಯೇ ಇದ್ದ ಷೂ ಲೇಸು ಬಿಚ್ಚಿ, ಮತ್ತೆ ಕಟ್ಟಿ, ಎದ್ದು ಕೂತು "ಇಲ್ಲ" ಎಂದ.

ನಾನೂರ ಹನ್ನೆರಡು ಜನವೂ ಇಲ್ಲ ಎಂದರು.

"ಕಮ್ಮಿ ಅಂದ್ರೂ ಇಪ್ಪತ್ತು ಜನ ಸುಳ್ಳು ಹೇಳಿದ್ರು ಕಣಯ್ಯ" ಎಂದ ತಕ್ಕಡಿ ನನ್ನ ಹತ್ತಿರ, ಒಡೆದ ದನಿಯಲ್ಲಿ.

"ನಿಂಗೆ ಹೇಗೆ ಗೊತ್ತು?"

"ಬೇರೆ ಪ್ರಶ್ನೆ ನಾನು ಮುಗಿಸೋಕೆ ಮುಂಚೆನೇ ಇಲ್ಲ ಅಂತಾರೆ. ಆ ಇಪ್ಪತ್ತು ಜನ ಹತ್ತೊಂಬತ್ತನ್ನ ಪೂರ್ತಿ ಕೇಳಿಸ್ಕೊಂಡ್ರು."

ಕೊನೆಯ ದಿನ ಮುದುಕರು ಮತ್ತೆ ಬಂದರು. ತಿದ್ದಿದ ವರದಿ ಕೈಯಲ್ಲಿತ್ತು. ಈ ಸಲ ಕೂತರು, ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ಸಾಲು ತೆಗೆದ್ರು. ನಿಮ್ಮಿಂದ ಉಪಕಾರ ಆಯ್ತು. ಆದರೆ ಆ ಅಧ್ಯಕ್ಷೆ ಇದನ್ನ ಕೊಡೋವಾಗ ಒಂದು ಮಾತಂದ್ರು. ಕೇಳಿದ್ರೂ ನಿಮ್ಮ ಮಗ ಇಲ್ಲ ಅಂತಾನೇ ಅಂತಿದ್ದ ಯಜಮಾನ್ರೇ, ಎಲ್ಲರೂ ಅನ್ನೋದು ಅದೇ, ಅಂತ." ಅವರು ಮೇಜಿನ ಮೇಲಿನ ಕಟ್ಟಿನ ಕಡೆ ನೋಡಿದರು. "ಈಗ ನೀವು ಎಲ್ಲರನ್ನೂ ಕೇಳಿದ್ರಲ್ಲ ಸ್ವಾಮಿ. ಎಷ್ಟು ಜನ ಹೌದು ಅಂದ್ರು?"

ಆ ಕಟ್ಟು ಒಂದು ಮೊಳ ಎತ್ತರ ಇತ್ತು. ತಕ್ಕಡಿ ಅದರ ಮೇಲೆ ಕೈಯಿಟ್ಟುಕೊಂಡಿದ್ದ.

"ಒಬ್ರು" ಎಂದ.

"ಒಬ್ರಾ?"

"ಒಬ್ರು ಹೌದು ಅಂದ್ರು. ನಿಮ್ಮ ಮಗನ ವಯಸ್ಸಿನವರೇ."

ಮುದುಕರು ಮೊಣಕಾಲಿನ ಮೇಲೆ ಎರಡೂ ಕೈಯೂರಿದರು. "ಹಾಗಾದ್ರೆ ಅನ್ನೋರು ಇದ್ದಾರೆ" ಎಂದರು. "ಅವರನ್ನ ಏನ್ ಮಾಡಿದ್ರಿ?"

"ರಜೆ ಕೊಟ್ಟಿದ್ದಾರೆ. ಔಷಧಿ ತಗೊಳ್ತಿದ್ದಾರೆ. ವಾಸಿಯಾದ ಮೇಲೆ ಮತ್ತೆ ಹಾರಿಸ್ತಾರೆ."

"ಸದ್ಯ" ಎಂದು ಮುದುಕರು ಎದ್ದರು. ತಕ್ಕಡಿಯ ಮನೆಯ ಫೋನ್ ನಂಬರು ಬರೆದುಕೊಂಡು ಹೋದರು.

ಅಲ್ಲಿಂದ ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅವರ ಫೋನ್. ಅವರು ಹೇಗಿದ್ದಾರೆ, ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ. ಕೆಲಸ ಕಳೆದುಕೊಂಡು ಮನೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ ತಕ್ಕಡಿಗೆ, ಇಲ್ಲದ ಪೈಲಟ್ಟನ ಆರೋಗ್ಯ ನೋಡಿಕೊಳ್ಳುವುದೇ ಹೊಸ ನೌಕರಿಯಾಯಿತು. ಶನಿವಾರವೇ ನನ್ನನ್ನು ಕರೆಸಿ, "ಈ ತಿಂಗಳು ಏನ್ ಹೇಳ್ಲಿ?" ಎನ್ನುತ್ತಿದ್ದ.

"ಬರೀ ಒಳ್ಳೇದೇ ಹೇಳ್ಬೇಡಿ, ನಂಬಲ್ಲ. ಬೆನ್ನು ನೋವು ಅಂತ ಸೇರಿಸಿ" ಎನ್ನುತ್ತಿದ್ದರು ಅತ್ತಿಗೆ. ಎಂಟು ತಿಂಗಳಲ್ಲಿ ಆ ಪೈಲಟ್ಟಿಗೆ ಬೆನ್ನು ನೋವು ಬಂದು ಹೋಯಿತು, ನಿದ್ದೆ ಐದು ಗಂಟೆಗೆ ಏರಿತು, ಬಾಡಿಗೆ ಮನೆ ಬದಲಾಯಿತು. ನಿಜವಾದ ಮನುಷ್ಯರಿಗೆ ಅಷ್ಟು ಅಚ್ಚುಕಟ್ಟಾಗಿ ಏನೂ ಆಗುವುದಿಲ್ಲ.

ಒಂಬತ್ತನೆಯ ತಿಂಗಳು ಮುದುಕರು, "ಅವರ ಹತ್ರ ನಾನೇ ಒಂದೈದು ನಿಮಿಷ ಮಾತಾಡ್ಬೇಕು. ಕೇಳಿ ನೋಡ್ತೀರಾ?" ಎಂದರು.

ಮರುದಿನ ತಕ್ಕಡಿ ನನ್ನನ್ನು ಎಳೆದುಕೊಂಡು, ಷೂ ಲೇಸು ಕಟ್ಟಿಕೊಂಡಿದ್ದ ಪೈಲಟ್ಟನ ಮನೆಗೆ ಹೋದ. ಮೂರನೆಯ ಮಹಡಿ. ಬೆಳಿಗ್ಗೆ ಹತ್ತು ಗಂಟೆಯಾದರೂ ಪರದೆ ಸರಿಸಿರಲಿಲ್ಲ. ಕುರ್ಚಿಯ ಬೆನ್ನಿಗೆ ಮೂರು ಸಮವಸ್ತ್ರದ ಅಂಗಿ, ಮೇಜಿನ ಮೇಲೆ ತೊಳೆಯದ ಲೋಟಗಳು. ತಕ್ಕಡಿ ನಿಂತುಕೊಂಡೇ ಎಲ್ಲ ಹೇಳಿದ.

"ನನ್ನನ್ನೇ ಯಾಕೆ ಕೇಳ್ತಿದ್ದೀರಿ?" ಎಂದ ಪೈಲಟ್.

"ನೀವು ಇಲ್ಲ ಅನ್ನೋಕೆ ಬಹಳ ಹೊತ್ತು ತಗೊಂಡ್ರಿ."

ಪೈಲಟ್ ಕೋಪದಿಂದ ನೋಡಿದ. ಆಮೇಲೆ ಫೋನಿಗೆ ಕೈಚಾಚಿ, "ನಂಬರ್ ಹೇಳಿ. ಐದು ನಿಮಿಷ ಅಷ್ಟೇ, ನಾಟಕ ನಂಗೆ ಬರಲ್ಲ" ಎಂದ.

ಮೊದಲು ನಾಟಕವೇ. ಹೌದು ಯಜಮಾನ್ರೇ, ಈಗ ಪರವಾಗಿಲ್ಲ ಯಜಮಾನ್ರೇ. ಆಚೆಯಿಂದ ಮುದುಕರು ಏನು ಕೇಳಿದರೋ ನಮಗೆ ಕೇಳಿಸಲಿಲ್ಲ. ಇವನು ನಮಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿದ. ದನಿ ತಗ್ಗಿತು. "ಮೂರು ಗಂಟೆಗೆ ಎಚ್ಚರ ಆಗುತ್ತೆ" ಎನ್ನುವುದು ಕೇಳಿಸಿತು. ಸ್ವಲ್ಪ ಬಿಟ್ಟು, "ಇಲ್ಲ, ಯಾರಿಗೂ ಹೇಳಿಲ್ಲ." ಮತ್ತೂ ಸ್ವಲ್ಪ ಬಿಟ್ಟು, "ಹೌದು. ಅದೂ ಅನ್ಸಿದೆ." ನಲವತ್ತು ನಿಮಿಷ ನಾವಿಬ್ಬರೂ ಬಾಗಿಲ ಬಳಿ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು, ಪರೀಕ್ಷೆಗೆ ಬಂದವರ ಹಾಗೆ ನಿಂತಿದ್ದೆವು. ಫೋನ್ ಇಟ್ಟು ಅವನು, "ನೀವಿಬ್ರೂ ಹೋಗಿ ಇನ್ನು" ಎಂದ.

ಆ ವಾರವೇ ಅವನು ಹೊಸ ಡಾಕ್ಟರ ಹತ್ತಿರ ತಾನಾಗಿ ಹೋಗಿ ಹತ್ತೊಂಬತ್ತಕ್ಕೆ ಹೌದು ಎಂದು ಬರೆಸಿದ. ಪರವಾನಗಿ ಹೋಯಿತು. ಸಮಿತಿ, ಮತ್ತೊಂದು ಸಮಿತಿ, ಕೊನೆಗೆ ಬೇರೆಯವರು ಯಾವ ದಿನ ಹಾರಬೇಕೆಂದು ಪಟ್ಟಿ ಮಾಡುವ ಕಚೇರಿಯಲ್ಲಿ ಒಂದು ಕುರ್ಚಿ. ಈಗಲೂ ಅಲ್ಲೇ ಇದ್ದಾನೆ. ನಿದ್ದೆ ಬರುತ್ತಿದೆಯಂತೆ. ದಾರಿಯಲ್ಲಿ ತಕ್ಕಡಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾನೆ.

ಮುದುಕರು ಮುಂದಿನ ಮೊದಲ ಭಾನುವಾರ ಹನ್ನೊಂದಕ್ಕೆ ಕೊನೆಯ ಸಲ ಫೋನ್ ಮಾಡಿದರು. ಆಗ ನಾನು ಅಲ್ಲಿರಲಿಲ್ಲ, ತಕ್ಕಡಿ ಹೇಳಿದ್ದು.

"ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ ಸ್ವಾಮಿ. ಅವರ ಜೊತೆ ವಾರಕ್ಕೊಮ್ಮೆ ನಾನೇ ಮಾತಾಡ್ತೀನಿ. ಅವರು ಎಲ್ಲ ಹೇಳಿದ್ರು. ನಿಮ್ಮ ಮುಂದೆ ಅವತ್ತು ಇಲ್ಲ ಅಂದಿದ್ರಂತೆ."

"ಹೌದು ಯಜಮಾನ್ರೇ."

"ಅಂದ್ರೆ ಯಾರೂ ಹೌದು ಅಂದಿರಲಿಲ್ಲ."

"ಯಾರೂ ಅಂದಿರಲಿಲ್ಲ."

"ಹಾಗಾದ್ರೆ ನನ್ನ ಮಗನೂ..." ಎಂದು ಶುರು ಮಾಡಿ ಅವರು ನಿಲ್ಲಿಸಿದರಂತೆ. ಆಚೆ ಅಂಗಡಿಯ ಗಡಿಯಾರಗಳ ಸದ್ದು ಮಾತ್ರ ಕೇಳುತ್ತಿತ್ತಂತೆ. ತಕ್ಕಡಿಗೆ, ನಿಮ್ಮ ಮಗ ತಾವಾಗೇ ಆ ಪ್ರಶ್ನೆ ಎತ್ತಿದ್ರು ಯಜಮಾನ್ರೇ, ನಾನು ಕೇಳಿಸ್ಕೊಂಡಿದ್ರೆ ಹೇಳ್ತಿದ್ರು, ಎಂದೇನೇನೋ ಬಾಯಿಗೆ ಬಂತಂತೆ. ಒಂದನ್ನೂ ಆಡಲಿಲ್ಲ.

"ಗೊತ್ತಾಗಲ್ಲ ಬಿಡಿ" ಎಂದು ಮುದುಕರು ಫೋನ್ ಇಟ್ಟರು.